ಎಂಟು ಕೊಡ ನೀರು

ನಮ್ಮ ಮನೆಯಲ್ಲಿ ಯಾವ ಪದಾರ್ಥವೂ ಖಾಲಿಯಾಗುತ್ತಿರಲಿಲ್ಲ. ನಾವೇನು ಶ್ರೀಮಂತರೆಂದು ತಿಳಿಯಬೇಡಿ. ಖಾಲಿ ಎಂಬ ಮಾತನ್ನು ಅಮ್ಮ ಬಾಯಿಗೆ ತರುತ್ತಿರಲಿಲ್ಲ, ಅಷ್ಟೆ. ಅಕ್ಕಿ ಮುಗಿದರೆ "ಅಕ್ಕಿ ತುಂಬಿದೆ ಕಣೋ, ಸಂಜೆ ಬರ್ತಾ ತಗೊಂಬಾ" ಎನ್ನುವಳು. ಎಣ್ಣೆ ತಳ ಕಂಡರೆ ಎಣ್ಣೆ ತುಂಬಿದೆ. ಬಳೆ ಒಡೆದರೆ ಬಳೆ ಹೆಚ್ಚಿತು. ದೀಪ ಆರುವುದಿಲ್ಲ, ಶಾಂತವಾಗುತ್ತದೆ. ಮೈಸೂರಿನ ಕಡೆಯ ಹಳೆಯ ಹೆಂಗಸರು ಹೀಗೆ ಮಾತಾಡುವವರೇ. ಕೇಳುವವರಿಗೂ ಅದರ ಒಳಗುಟ್ಟು ಗೊತ್ತಿರುವುದರಿಂದ ಅಲ್ಲಿ ಯಾರಿಗೂ ತೊಂದರೆಯಿಲ್ಲ.

ತೊಂದರೆ ಶುರುವಾದದ್ದು ನಾವು ಮುಂಬಯಿಗೆ ಬಂದ ಮೇಲೆ. ಗೋರೆಗಾಂವ್‌ನ ನಮ್ಮ ಚಾಳ್‌ನಲ್ಲಿ ಪಕ್ಕದ ಖೋಲಿಯವರು, ಎಂದರೆ ಪಕ್ಕದ ಕೋಣೆಯವರು, ಉಡುಪಿ ಕಡೆಯವರು. ಒಂದು ಬೆಳಗ್ಗೆ ಅಮ್ಮ ನನ್ನೊಡನೆ "ಸಕ್ಕರೆ ತುಂಬಿದೆ" ಎಂದದ್ದು ಗೋಡೆಯಾಚೆ ಕೇಳಿಸಿ ಆ ಮನೆಯ ಹೆಂಗಸು ಲೋಟ ಹಿಡಿದುಕೊಂಡು ಬಂದೇಬಿಟ್ಟರು. "ನಿಮ್ಮಲ್ಲಿ ಸಕ್ಕರೆ ತುಂಬ ಉಂಟಲ್ಲ ಅಮ್ಮ, ಒಂದು ಲೋಟ ಕೊಡಿ. ನಾಳೆ ವಾಪಸ್ ಕೊಡ್ತೇನೆ." ಅಮ್ಮನಿಗೆ ಇಲ್ಲ ಎನ್ನಲು ನಾಲಿಗೆ ಏಳದು, ಕೊಡೋಣವೆಂದರೆ ಡಬ್ಬದಲ್ಲಿ ಇಲ್ಲ. ಕೊನೆಗೆ ಮುಚ್ಚಳ ತೆಗೆದು ಡಬ್ಬವನ್ನೇ ಅವರ ಮುಂದೆ ಹಿಡಿದಳು. ಆಕೆ ಒಳಗೆ ಇಣುಕಿ, ಆಮೇಲೆ ಅಮ್ಮನ ಮುಖ ನೋಡಿದ ನೋಟ ನನಗೆ ಇಂದಿಗೂ ನೆನಪಿದೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಮ್ಮ ನಗಲಿಲ್ಲ.

ಅವಳು ನಗದಿರುವುದಕ್ಕೆ ಕಾರಣವಿತ್ತು. ಊರಿನಲ್ಲಿ ಅಪ್ಪ ಸ್ಕೂಲು ಮೇಷ್ಟ್ರು. ಅವರು ತೀರಿಹೋದ ದಿನ ಬೆಳಗ್ಗೆ ಎರಡನೆಯ ಸಲ ಕಾಫಿ ಕೇಳಿದರಂತೆ. ಯಾವುದೋ ಬೇಸರದಲ್ಲಿದ್ದ ಅಮ್ಮ, "ಕಾಫಿಪುಡಿ ಖಾಲಿ. ಡಬ್ಬ ಬೇಕಾದ್ರೆ ನೀವೇ ನೋಡ್ಕೊಳ್ಳಿ" ಎಂದು ಸಿಡುಕಿದಳಂತೆ. ಅಪ್ಪ ರುಮಾಲು ಸುತ್ತಿಕೊಂಡು ಸ್ಕೂಲಿಗೆ ಹೋದರು. ಮಧ್ಯಾಹ್ನ ಪಾಠ ಹೇಳುತ್ತಿದ್ದಂತೆಯೇ ಕುಸಿದು ಬಿದ್ದರು. ಇದನ್ನು ಅಮ್ಮ ನನಗೆ ಹೇಳಿದ್ದು ಒಂದೇ ಒಂದು ಸಲ. ಮತ್ತೆ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಖಾಲಿ ಎಂಬ ಮಾತು ಮಾತ್ರ ಅಂದಿಗೇ ನಮ್ಮ ಮನೆಯಿಂದ ಹೊರಟುಹೋಯಿತು.

ಈಗ ನನ್ನ ವಿಷಯ. ಐವತ್ತರ ದಶಕದ ನಡುವಿನ ವರ್ಷಗಳು. ಲಾರಿ, ಬಸ್ಸುಗಳಿಗೆ ಮೈ ಕಟ್ಟುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಫಿಟ್ಟರ್. ಕಾರ್ಖಾನೆ ಎಂದರೆ ತಗಡಿನ ಎರಡು ಶೆಡ್ಡು, ಒಂದು ಬಾವಿ, ಒಂದು ಆಲದ ಮರ, ಬೇಲಿಯಾಚೆ ಎಮ್ಮೆಗಳ ತಬೇಲ. ನಮ್ಮ ಚಾಳ್‌ನಿಂದ ಕೂಗಳತೆ ದೂರ. ಕೆಲಸ ನನಗೆ ಚೆನ್ನಾಗಿ ಬರುತ್ತಿತ್ತು. ಬರುತ್ತದೆಂಬ ಜಂಬವೂ ಬೇಕಾದಷ್ಟಿತ್ತು. ಮೇಲಾಗಿ ಕೋಪ ಮೂಗಿನ ತುದಿಯಲ್ಲೇ. ನಟ್ಟು ಬಿಚ್ಚುವ ಪಾನಾ ಕೈಗೆ ಸಿಗದಿದ್ದರೆ ಆಲದ ಮರವನ್ನೂ ಬೈಯುವ ಗಿರಾಕಿ ನಾನು.

ಒಂದು ದಿನ ಆ ಶೆಡ್ಡಿಗೆ ಡಾಕ್ಟರಮ್ಮನ ಗಾಡಿ ಬಂತು.

ಡಾಕ್ಟರಮ್ಮ ಮಂಗಳೂರಿನ ಕಡೆಯವರು. ಐವತ್ತು ದಾಟಿದ ವಯಸ್ಸು, ಮದುವೆಯಾಗಿರಲಿಲ್ಲ, ಸಯನ್‌ನಲ್ಲಿ ಒಂಟಿ ವಾಸ. ಹಿಂದಿನ ವರ್ಷ ಅಮ್ಮನಿಗೆ ಟೈಫಾಯ್ಡ್ ಆಗಿ ಇನ್ನು ಉಳಿಯುವುದಿಲ್ಲ ಎನ್ನುವಂತಾದಾಗ, ಅವರು ದಿನಾ ಸಂಜೆ ದಾದರ್‌ನಲ್ಲಿ ರೈಲು ಬದಲಿಸಿ ನಮ್ಮ ಖೋಲಿಗೆ ಬಂದು, ಅಮ್ಮನ ಹಣೆಗೆ ತಾವೇ ಒದ್ದೆಬಟ್ಟೆ ಹಾಕಿ ಕೂತಿದ್ದವರು. ಅಮ್ಮ ಎದ್ದು ಕೂತ ದಿನದಿಂದ ದೇವರ ಮುಂದೆ ಹೇಳುವ ಹೆಸರುಗಳಲ್ಲಿ ಅವರದೂ ಒಂದು ಸೇರಿಕೊಂಡಿತು. ಅವರಿಗೆ ಏನಾದರೂ ಮಾಡಬೇಕು, ಮಾಡಬೇಕು ಎಂದು ಅವಳ ಜೀವ ತುಡಿಯುತ್ತಿತ್ತು. ಆದರೆ ಡಾಕ್ಟರಮ್ಮ ನಮ್ಮ ಮನೆಯಲ್ಲಿ ಒಂದು ಲೋಟ ಮಜ್ಜಿಗೆ ಬಿಟ್ಟರೆ ಇನ್ನೇನೂ ಮುಟ್ಟಿದವರಲ್ಲ.

ಗಾಡಿಯೆಂದರೆ ಮೋಟಾರಲ್ಲ. ಮೋಟಾರಿನ ಹಿಂದೆ ಕಟ್ಟಿ ಎಳೆಯುವ, ಎರಡು ಚಕ್ರದ ಒಂದು ಪುಟ್ಟ ಮನೆ. ದೇಶ ಬಿಟ್ಟು ಹೋದ ಯಾರೋ ಇಂಗ್ಲಿಷ್ ದೊರೆಯದು. ಕಿಟಕಿ, ಮಂಚ, ಅಡುಗೆಯ ಕಟ್ಟೆ, ತೊಳೆಯಲು ಸಿಂಕು, ಮಂಚದ ಕೆಳಗೆ ನೀರಿನ ಟಾಂಕಿ, ಎಲ್ಲ ಇದ್ದವು. ಶೆಡ್ಡಿನವರು ಕ್ಯಾರವಾನ್ ಎಂದರು. ಅಮ್ಮ ನೋಡಿ "ಗಾಡಿಮನೆ" ಎಂದಳು. ನಮ್ಮಲ್ಲಿ ಕೊನೆಗೆ ಉಳಿದದ್ದು ಅಮ್ಮನ ಹೆಸರೇ.

ಡಾಕ್ಟರಮ್ಮ ಅದನ್ನು ಸಂಚಾರಿ ದವಾಖಾನೆ ಮಾಡಿಸಿ, ಉತ್ತರದ ಹಿಮದ ಬೆಟ್ಟಗಳಿಗೆ ಹೋಗಿಬಿಡುವವರಿದ್ದರು. ಅಲ್ಲಿ ಅವರ ಹಳೆಯ ಸ್ನೇಹಿತೆ ಒಬ್ಬ ನರ್ಸಮ್ಮ ಒಂಟಿಯಾಗಿ ಒಂದು ಚಿಕ್ಕ ಔಷಧಾಲಯ ನಡೆಸುತ್ತಿದ್ದರು. ಸುತ್ತಲಿನ ಹಳ್ಳಿಗಳಲ್ಲಿ ಹೆರಿಗೆಗೆ ಬಿಸಿನೀರು, ಶುದ್ಧವಾದ ಒಂದು ಕೋಣೆ ಇಲ್ಲದೆ ಬಾಣಂತಿಯರು ಸಾಯುತ್ತಾರೆಂದು ಅವರು ವರ್ಷಗಳಿಂದ ಬರೆಯುತ್ತಿದ್ದರಂತೆ. "ಇಲ್ಲಿ ನಾನು ಇಲ್ಲದಿದ್ರೆ ಇನ್ನೊಬ್ಬ ಡಾಕ್ಟ್ರು ಸಿಗ್ತಾರೆ. ಅಲ್ಲಿ ಯಾರೂ ಇಲ್ಲ. ಅಷ್ಟೇ ವಿಷಯ" ಎಂದು ಡಾಕ್ಟರಮ್ಮ ನನಗೆ ಒಂದೇ ಉಸಿರಿನಲ್ಲಿ ಹೇಳಿ, ಸಿಂಕು ಎಲ್ಲಿ ಬರಬೇಕೆಂಬ ಮಾತಿಗೆ ಹೋದರು.

ನೀರಿನ ಕೆಲಸವೆಲ್ಲ ನನ್ನ ಪಾಲಿಗೆ ಬಂತು. ಹಳೆಯ ಪೈಪು ಕಿತ್ತು ಹೊಸದು ಹಾಕಿದೆ. ಕೈಪಂಪು ಬಿಚ್ಚಿ ತೊಗಲಿನ ವಾಷರ್ ಬದಲಾಯಿಸಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಸೀಮೆಎಣ್ಣೆ ಒಲೆಯ ಸುತ್ತ ತಾಮ್ರದ ಕೊಳವೆಯ ಸುರುಳಿ ಕೂರಿಸಿದೆ. ಒಲೆ ಹಚ್ಚಿ ಪಂಪು ಒತ್ತಿದರೆ ಸಿಂಕಿಗೆ ಬಿಸಿನೀರು ಬರಬೇಕು. ತಾಮ್ರದ ಕೊಳವೆ ಹಾಗೆಯೇ ಬಗ್ಗಿಸಿದರೆ ನಡುವೆ ನಜ್ಜಿಹೋಗುತ್ತದೆ. ಅದರೊಳಗೆ ಜರಡಿ ಹಿಡಿದ ಒಣ ಮರಳು ಗಿಡಿದು, ಎರಡೂ ತುದಿಗೆ ಬೆಣೆ ಹೊಡೆದು, ಆಮೇಲೆ ಮರದ ಗುಂಡಿನ ಸುತ್ತ ನಿಧಾನವಾಗಿ ಸುತ್ತಬೇಕು. ಹನ್ನೊಂದು ಸುತ್ತು ಸುತ್ತಿದೆ. ಒಂದು ಕಡೆಯೂ ಸೊಟ್ಟವಿಲ್ಲ. ಕಾರ್ಖಾನೆಯ ಮಾಲೀಕ ಶೇಠ್ ಬಂದು ನೋಡಿ, ಬೇರೆಯವರನ್ನು ಕರೆದು ತೋರಿಸಿದ. ಅವನ ಹೊಗಳಿಕೆ ಎಂದರೆ ಅಷ್ಟೆ, ನನಗದು ಸಾಕಾಗಿತ್ತು.

ಆಗ ಬಂತು ನರ್ಸಮ್ಮನ ಕಾಗದ. ಹಿಮ ಬಿದ್ದು ದಾರಿ ಮುಚ್ಚುವ ಮುಂಚೆ ಗಾಡಿ ಬೆಟ್ಟ ಹತ್ತಿಬಿಡಬೇಕು. ಚಳಿಗಾಲವೆಲ್ಲ ಅದು ಔಷಧಾಲಯದ ಅಂಗಳದಲ್ಲಿ ಬೀಗ ಹಾಕಿಕೊಂಡು ನಿಲ್ಲುತ್ತದೆ. ಡಾಕ್ಟರಮ್ಮ ಬರುವುದು ಚಳಿ ಇಳಿದ ಮೇಲೆ. ಆದ್ದರಿಂದ ಮುಂಬಯಿ ಬಿಡುವಾಗಲೇ ಟಾಂಕಿ, ಪಂಪು, ಪೈಪುಗಳಲ್ಲಿ ಒಂದು ಹನಿ ನೀರೂ ಉಳಿಯದಂತೆ ತೆಗೆದಿರಬೇಕು. ಉಳಿದರೆ ನೀರು ಕಲ್ಲಾಗಿ ಪೈಪು ಸೀಳಿಹೋಗುತ್ತದೆ, ತಾಮ್ರವಾದರೆ ಮೊದಲೇ ಹೋಗುತ್ತದೆ, ಆ ಬೆಟ್ಟದಲ್ಲಿ ಅದನ್ನು ಸರಿಮಾಡುವವರಿಲ್ಲ. ಡಾಕ್ಟರಮ್ಮ ಇಂಗ್ಲಿಷ್ ಕಾಗದವನ್ನು ಓದಿ ಕನ್ನಡದಲ್ಲಿ ಹೇಳುತ್ತ ಹೋದರು. ನಾನು ನಕ್ಕುಬಿಟ್ಟೆ.

ನಾನು ಕಂಡ ಚಳಿ ಎಂದರೆ ಧನುರ್ಮಾಸದ ಬೆಳಗಿನದು. ನೀರು ಕಬ್ಬಿಣವನ್ನು ತುಕ್ಕು ಹಿಡಿಸುತ್ತದೆ, ಒಪ್ಪಿದೆ. ಒಡೆಯುತ್ತದೆ ಎಂದರೆ? "ನೀರಿಗೆ ಅಷ್ಟು ತಾಕತ್ತು ಎಲ್ಲಿಂದ ಬರುತ್ತೆ ಡಾಕ್ಟರಮ್ಮ? ನನ್ನ ಪೈಪು ಏನು ಮಡಕೆಯಾ?" ಎಂದೆ.

ಅವರು ವಾದ ಮಾಡಲಿಲ್ಲ. ಮರುದಿನ ಗ್ರಾಂಟ್ ರೋಡಿಗೆ ಬರಹೇಳಿದರು. ಅಲ್ಲಿ ಅವರ ನೆಂಟರೊಬ್ಬರ ಹೋಟೆಲಿನ ಹಿತ್ತಲಿನಲ್ಲಿ ಐಸ್‌ಕ್ರೀಮ್ ಕಡೆಯುತ್ತಿದ್ದರು. ಮರದ ಬಾನಿ, ಒಳಗೆ ಬರಫು, ಬರಫಿನ ಮೇಲೆ ಮೊಗೆಮೊಗೆದು ಹಾಕಿದ ಕಲ್ಲುಪ್ಪು. ಡಾಕ್ಟರಮ್ಮ ಕೈಚೀಲದಿಂದ ಒಂದು ಔಷಧಿಯ ಶೀಶೆ ತೆಗೆದು, ಅಂಚಿನವರೆಗೆ ನೀರು ತುಂಬಿ, ಬಿರಡೆ ಬಿಗಿದು, ದಾರ ಕಟ್ಟಿ ಆ ಬರಫಿನಲ್ಲಿ ಹೂತರು. "ಅಷ್ಟರಲ್ಲಿ ದೋಸೆ ತಿನ್ನುವ ಬನ್ನಿ" ಎಂದರು. ದೋಸೆ ಆಯಿತು, ಕಾಫಿ ಆಯಿತು, ಇನ್ನೊಂದು ದೋಸೆಯೂ ಆಯಿತು. ಹಿಂತಿರುಗಿ ದಾರ ಎಳೆದರೆ ಶೀಶೆಯ ಹೊಟ್ಟೆ ಉದ್ದಕ್ಕೂ ಬಿರಿದಿತ್ತು. ಒಳಗೆ ಬಿಳಿಯ ಕಲ್ಲು. ಅದನ್ನು ನನ್ನ ಅಂಗೈ ಮೇಲಿಟ್ಟು "ನಿಮ್ಮ ಪೈಪಿಗೂ ಇದೇ ಗತಿ ಮಾರಾಯ್ರೆ" ಎಂದರು. ಹನ್ನೊಂದು ಸುತ್ತಿನ ನನ್ನ ತಾಮ್ರ ಕಣ್ಣ ಮುಂದೆ ಬಂತು.

ಆ ಒಡೆದ ಶೀಶೆಯನ್ನು ನಾನು ಅಮ್ಮನಿಗೆ ತೋರಿಸಲಿಲ್ಲ. ಅವಳಿಗೆ ಇದೆಲ್ಲ ಯಾಕೆ ಎಂದುಕೊಂಡೆ. ಈಗ ಬರೆಯುವಾಗಲೂ ಅದಕ್ಕಾಗಿ ನಾಚಿಕೆಯಾಗುತ್ತದೆ.

ಗಾಡಿ ಹೊರಡುವ ಹಿಂದಿನ ದಿನ ಡಾಕ್ಟರಮ್ಮ ಶೆಡ್ಡಿಗೆ ಬಂದು ಎಲ್ಲ ನೋಡಿದರು. ಅಮ್ಮ ನನಗೆ ಊಟ ತಂದವಳು ಅಲ್ಲಿಯೇ ಇದ್ದಳು. ಬೆಟ್ಟದ ಊರು ಹೇಗಿದೆ ಎಂದು ಕೇಳಿದಳು. "ಊರು ಚಂದ ಉಂಟು ಅಮ್ಮ. ನೀರಿಗೆ ಮಾತ್ರ ಕಷ್ಟ. ಒಂದು ಕೊಡ ಬೇಕಾದ್ರೆ ಅರ್ಧ ಮೈಲಿ ಕೆಳಗೆ ಇಳಿಬೇಕಂತೆ" ಎಂದರು ಡಾಕ್ಟರಮ್ಮ. ಅಮ್ಮ ಕೆನ್ನೆಯ ಮೇಲೆ ಕೈಯಿಟ್ಟುಕೊಂಡಳು. ಚಾಳ್‌ನ ನಲ್ಲಿಯಲ್ಲಿ ಬೆಳಗ್ಗೆ ಎರಡು ಗಂಟೆ ಬರುವ ನೀರಿಗೆ ಕೊಡ ಸಾಲಿಟ್ಟು ಜಗಳವಾಡುವವಳಿಗೆ ಆ ಅರ್ಧ ಮೈಲಿ ಚೆನ್ನಾಗಿ ಅರ್ಥವಾಯಿತು.

ಮರುದಿನ ಬೆಳಗ್ಗೆ ನಾನು ಕೆಲಸಕ್ಕೆ ಕೂತೆ. ಟಾಂಕಿಯ ಕೆಳಗಿನ ಕಾಕ್ ತಿರುಗಿಸಿ, ಪರೀಕ್ಷೆಗೆಂದು ತುಂಬಿದ್ದ ನೀರು ಹೊರಗೆ ಬಿಟ್ಟೆ. ನಲ್ಲಿಗಳನ್ನೆಲ್ಲ ತೆರೆದಿಟ್ಟೆ. ಪಂಪನ್ನು ಅದು ಬರಿಯ ಗಾಳಿ ಉಗುಳುವವರೆಗೂ ಒತ್ತಿದೆ. ಸುರುಳಿಯ ತುದಿಗೆ ಸೈಕಲ್ ಪಂಪು ಕಟ್ಟಿ ಗಾಳಿ ಹೊಡೆದೆ. ಸಿಂಕಿನ ಕೆಳಗಿನ ಬಗ್ಗಿದ ಪೈಪಿನಲ್ಲಿ ನಿಂತಿದ್ದನ್ನು ಬಟ್ಟೆ ಬತ್ತಿ ಇಳಿಸಿ ಹೀರಿ ತೆಗೆದೆ. ಇನ್ನು ಕಾಕ್‌ನಿಂದ ತೊಟ್ಟು ತೊಟ್ಟು ಬೀಳುತ್ತಿದ್ದದ್ದು ಮಾತ್ರ ಉಳಿದಿತ್ತು. ಅಷ್ಟರಲ್ಲಿ ಪೈಪಿನ ಬಾಯಿಗಳಿಗೆ ಹಾಕುವ ಹಿತ್ತಾಳೆಯ ಮುಚ್ಚಳ ಕಡಿಮೆ ಬಿದ್ದವು. ಗ್ರಾಂಟ್ ರೋಡಿನಿಂದ ತರಬೇಕು. ಅಮ್ಮ ಊಟದ ಡಬ್ಬಿ ಹಿಡಿದು ಬಂದಳು. "ಅಮ್ಮಾ, ಇಲ್ಲೇ ಕೂತಿರು. ಈ ತೊಟ್ಟು ನಿಂತ ಮೇಲೆ ಈ ಕಾಕ್ ಹೀಗೆ ತಿರುಗಿಸಿ ಮುಚ್ಚು. ಇಲ್ಲದಿದ್ದರೆ ದಾರಿಯ ಧೂಳು ಹೋಗುತ್ತೆ" ಎಂದು ಹೇಳಿ ಲೋಕಲ್ ಹಿಡಿದೆ. ಏನು ಮಾಡಬೇಕೆಂದು ಹೇಳಿದೆ. ಯಾಕೆಂದು ಹೇಳಲಿಲ್ಲ.

ನಾನು ಹಿಂತಿರುಗುವ ಹೊತ್ತಿಗೆ ಲಾರಿ ಬಂದು ನಿಂತಿತ್ತು. ಗಾಡಿಯನ್ನು ಗೂಡ್ಸ್ ಯಾರ್ಡಿಗೆ ಎಳೆದುಕೊಂಡು ಹೋಗುವ ಲಾರಿ. ಡ್ರೈವರ್ ಹಾರ್ನ್ ಬಾರಿಸುತ್ತಿದ್ದ. ನಾನು ಓಡೋಡಿ ಬಂದು ಮುಚ್ಚಳಗಳನ್ನು ತಿರುಪುತ್ತ ಅಮ್ಮನನ್ನು ಕೇಳಿದೆ: "ಟಾಂಕಿ ಏನಾಯ್ತಮ್ಮಾ?"

"ತುಂಬಿದೆ ಕಣೋ" ಎಂದಳು ಅಮ್ಮ. ಮುಖ ತುಂಬ ನಗು.

ಹುಟ್ಟಿದಾಗಿನಿಂದ ಆ ಮಾತು ಕೇಳಿದವನು ನಾನು. ತುಂಬಿದೆ ಎಂದರೆ ಇಲ್ಲ ಎಂದು ಅರ್ಥ. ಒಂದು ಹನಿಯೂ ಇಲ್ಲ. ಸರಿ ಎಂದುಕೊಂಡು ಬಾಗಿಲಿಗೆ ಬೀಗ ಹಾಕಿದೆ. ಗಾಡಿಯನ್ನು ಲಾರಿಯ ಕೊಕ್ಕೆಯವರೆಗೆ ನೂಕುವಾಗ ಶೆಡ್ಡಿನ ಆಳೊಬ್ಬ ಹೆಗಲು ಕೊಟ್ಟು, "ಆಜ್ ಜಡ್ ಲಾಗ್ತೇಯ್" ಎಂದ. ಈವತ್ತು ಭಾರ ಅನಿಸುತ್ತದೆ ಎಂದರೆ ನಿನಗೆ ಬೆಳಗಿನ ಚಾ ಸಾಲಲಿಲ್ಲ ಎಂದು ಅವನನ್ನೇ ಛೇಡಿಸಿದೆ. ಅಮ್ಮ ಗಾಡಿಯ ಬಾಗಿಲಿಗೆ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ಗಾಡಿ ಹೋಯಿತು. ಅದರ ಬೀಗದ ಇನ್ನೊಂದು ಕೈ, ಡಾಕ್ಟರಮ್ಮನಿಗೆ ತಲುಪಿಸಬೇಕಾದದ್ದು, ನನ್ನ ಜೇಬಿನಲ್ಲಿ ಉಳಿಯಿತು.

ಸಂಜೆ ದೀಪ ಹಚ್ಚಿದ ಮೇಲೆ ಊಟಕ್ಕೆ ಕೂತೆವು. ಅಮ್ಮ ಹುಳಿ ಬಡಿಸಲು ಸೌಟು ಎತ್ತಿದವಳು ಹಲ್ಲು ಕಚ್ಚಿ ಹೆಗಲು ಹಿಡಿದುಕೊಂಡಳು.

"ಏನಾಯ್ತು?"

"ಏನಿಲ್ಲ ಕಣೋ. ಎಂಟು ಕೊಡ ಹೊತ್ತೆನಲ್ಲ, ನರ ಹಿಡಿದಿದೆ."

"ಎಲ್ಲಿಗೆ ಹೊತ್ತೆ?"

"ಗಾಡಿಮನೆಗೆ. ಬಾವಿಯಿಂದ ಸೇದಿ, ಬಟ್ಟೇಲಿ ಸೋಸಿ ಹಾಕಿದೆ. ಅಂಥಾ ತಾಯಿ ಅಷ್ಟು ದೂರ ಹೋಗ್ತಿದಾರೆ, ಬರಿದು ಟಾಂಕಿ ಇಟ್ಟು ಕಳಿಸೋದಾ? ನೀನು ಏನೋ ಮರೆತು ನೀರೆಲ್ಲ ಬಿಟ್ಟು ಹೋಗಿದ್ದೆ. ಕೇಳಿದಾಗ ತುಂಬಿದೆ ಅಂತ ಹೇಳಿದೆನಲ್ಲ."

ತಟ್ಟೆಯನ್ನು ಪಕ್ಕಕ್ಕೆ ನೂಕಿದೆ. ಆಮೇಲೆ ನಾನು ಆಡಿದ ಮಾತುಗಳನ್ನೆಲ್ಲ ಇಲ್ಲಿ ಬರೆಯಲಾರೆ. ನಿನ್ನ ಶಾಸ್ತ್ರಕ್ಕೆ ಬೆಂಕಿ ಬೀಳಲಿ ಎಂದೆ. ಇದ್ದದ್ದನ್ನು ಇದೆ, ಇಲ್ಲದ್ದನ್ನು ಇಲ್ಲ ಎನ್ನಲು ನಿನಗೇನು ರೋಗ ಎಂದೆ. ಡಾಕ್ಟರಮ್ಮನ ಗಾಡಿ ನಿನ್ನಿಂದಲೇ ಒಡೆಯುತ್ತದೆ, ಹೆರಿಗೆಗೆ ಬಂದ ಹೆಂಗಸರಿಗೆ ಬಿಸಿನೀರಿಲ್ಲದೆ ಹೋಗುತ್ತದೆ ಎಂದೆ. ಪಕ್ಕದ ಖೋಲಿಯಲ್ಲಿ ಮಾತು ನಿಂತುಹೋಯಿತು. ಅಮ್ಮ ಸೌಟು ಕೆಳಗಿಟ್ಟು, "ನೀರು ಒಡೆಯುತ್ತಾ?" ಎಂದು ಮೆಲ್ಲಗೆ ಕೇಳಿದಳು. ಆಗ, ಆಗ ಮಾತ್ರ, ಬರಫಿನಲ್ಲಿ ಹೂತ ಶೀಶೆಯ ಕತೆ ಹೇಳಿದೆ. ಅವಳು ಕೊನೆಯವರೆಗೂ ಕೇಳಿದಳು. ಹೇಳುತ್ತ ಹೇಳುತ್ತ ನನ್ನ ಸ್ವರ ತಾನಾಗಿಯೇ ಇಳಿಯಿತು. ಇದನ್ನೇ ಎರಡು ದಿನ ಮೊದಲು ಹೇಳಿದ್ದರೆ ಆಗುತ್ತಿತ್ತಲ್ಲ ಎಂದು ನನಗೇ ಅನಿಸಿತು. ಆದರೆ ಅದನ್ನು ಬಾಯಿಬಿಟ್ಟು ಹೇಳುವಷ್ಟು ದೊಡ್ಡ ಮನುಷ್ಯ ನಾನಾಗಿರಲಿಲ್ಲ.

ವ್ಯಾಗನ್ ಮರುದಿನ ಬೆಳಗ್ಗೆ ಹತ್ತಕ್ಕೆ ಹೊರಡುತ್ತದೆಂದು ಲಾರಿಯವನು ಹೇಳಿದ್ದ. ಬೆಳಗಾಗುತ್ತಲೇ ಪಾನಾ, ಸೈಕಲ್ ಪಂಪು, ಬೀಗದ ಕೈ ಚೀಲಕ್ಕೆ ಹಾಕಿಕೊಂಡು ಎದ್ದೆ. ಬಾಗಿಲಲ್ಲಿ ಅಮ್ಮ ಸೀರೆ ಉಟ್ಟು, ಹಿತ್ತಾಳೆಯ ಕೊಡಪಾನ ಕಂಕುಳಲ್ಲಿಟ್ಟು ನಿಂತಿದ್ದಳು.

"ನೀನು ಯಾಕೆ?"

"ತುಂಬಿದವಳು ನಾನು" ಎಂದಳು.

ಗೂಡ್ಸ್ ಯಾರ್ಡು ಗ್ರಾಂಟ್ ರೋಡಿನಿಂದ ಸ್ವಲ್ಪ ನಡಿಗೆ. ಗೇಟಿನ ಕಾವಲುಗಾರ ನನ್ನ ಮಾತು ಕೇಳಲು ತಯಾರಿಲ್ಲ. ಹೊರಗಿನವರನ್ನು ಒಳಗೆ ಬಿಡುವುದಿಲ್ಲ ಎಂದ. ನಾನು ಎಂದಿನಂತೆ ಕೂಗಾಡಲು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಮುಂದೆ ಬಂದು, ತನಗೆ ಬರುವ ನಾಲ್ಕು ಮರಾಠಿ ಮಾತುಗಳನ್ನು ಪೋಣಿಸಿ, ಗಾಡಿ ತೋರಿಸಿ, "ಪಾಣಿ, ಮಾಝೀ ಚೂಕ್" ಎಂದಳು. ನೀರು, ನನ್ನ ತಪ್ಪು. ಅವನು ಅವಳ ಮುಖ ನೋಡಿದ, ಬೆಳಗ್ಗೆ ಎದ್ದು ಬರಿಗೊಡ ಎದುರಾಯಿತಲ್ಲ ಎಂಬಂತೆ ಕೊಡವನ್ನೂ ನೋಡಿದ. ಏನನ್ನಿಸಿತೋ, ಪಕ್ಕಕ್ಕೆ ಸರಿದು, ಬೇಗ ಬೇಗ ಎಂದು ಕೈ ಬೀಸಿದ.

ಗಾಡಿಮನೆ ಗೋಡೆಯಿಲ್ಲದ ಚಪ್ಪಟೆ ವ್ಯಾಗನ್ ಮೇಲೆ ಸರಪಳಿ ಬಿಗಿಸಿಕೊಂಡು ನಿಂತಿತ್ತು. ನಾನು ಹತ್ತಿ ಅದರ ಕೆಳಗೆ ತೂರಿ ಕಾಕ್ ತಿರುಗಿಸಿದೆ. ನೀರು ಭರ್ರನೆ ವ್ಯಾಗನ್ನಿನ ಅಂಚು ದಾಟಿ ಹಳಿಯ ಪಕ್ಕದ ಜಲ್ಲಿಕಲ್ಲಿನ ಮೇಲೆ ಬಿತ್ತು. ಅಮ್ಮನ ಹೆಗಲು ನೋಯಿಸಿದ ನೀರು. ನಾನು ಮುಖ ತಿರುಗಿಸಿದೆ. ಅವಳು ಮುಂದೆ ಬಂದು ಆ ಧಾರೆಗೆ ಕೊಡ ಹಿಡಿದಳು. ಅಲ್ಲಿ ಮೂಟೆ ಹೊರುವ ಹಮಾಲರು ನಾಲ್ಕೈದು ಜನ ನೋಡುತ್ತ ನಿಂತಿದ್ದರು. ಅವಳು ಕೊಡ ಬಗ್ಗಿಸಿ ಒಬ್ಬನತ್ತ ನೋಡಿದಳು. ಅವನು ಬೊಗಸೆಯೊಡ್ಡಿ ಕುಡಿದ, ಇನ್ನೊಬ್ಬ ಬಂದ, ಮತ್ತೊಬ್ಬ ತಲೆಯ ಮೇಲೆ ಹುಯ್ಯಿಸಿಕೊಂಡ. ಕೊಡ ಬರಿದಾದಂತೆ ಅವಳು ಮತ್ತೆ ಹಿಡಿಯುತ್ತಿದ್ದಳು. ಎಂಟು ಕೊಡದಲ್ಲಿ ಎಷ್ಟು ನೆಲಕ್ಕೆ ಹೋಯಿತೋ, ಎಷ್ಟು ಜನರ ಹೊಟ್ಟೆಗೆ ಹೋಯಿತೋ. ನೆಲಕ್ಕೆ ಹೋದದ್ದು ಕಡಿಮೆಯೇ ಎಂದು ನನ್ನ ನಂಬಿಕೆ.

ಧಾರೆ ಸಣ್ಣಗಾದಾಗ ನಾನು ಬೀಗ ತೆಗೆದು ಒಳಗೆ ಹೋದೆ. ಮಂಚದ ಹಲಗೆ ಎತ್ತಿದರೆ ಟಾಂಕಿಯ ಮುಚ್ಚಳಕ್ಕೆ ಅರಿಸಿನ ಕುಂಕುಮ, ಬಾಡಿದ ಒಂದು ಸೇವಂತಿಗೆ. ನಿನ್ನೆ ಈ ಹಲಗೆಯೊಂದನ್ನು ಎತ್ತಿ ನೋಡಿದ್ದರೆ ಸಾಕಿತ್ತು. ಮುಚ್ಚಳಗಳನ್ನು ಬಿಚ್ಚಿ, ನಲ್ಲಿ ತೆರೆದು, ಕೈಪಂಪು ಒತ್ತಿ, ಸುರುಳಿಯ ತುದಿಗೆ ಸೈಕಲ್ ಪಂಪು ಕಟ್ಟಿ ಗಾಳಿ ಹೊಡೆಯತೊಡಗಿದೆ. ನೀರು ಹೋಗುವುದು ಕೆಳಗಿನ ಕಾಕ್‌ನಿಂದ. ಒಳಗಿದ್ದ ನನಗೆ ಅದು ಕಾಣಿಸದು. ಕಾಣುವುದು ಅಮ್ಮನಿಗೆ ಮಾತ್ರ. ಸಿಂಕಿನ ತೂತಿನ ಹತ್ತಿರ ಬಾಯಿಟ್ಟು ಕೂಗಿದೆ.

"ಅಮ್ಮಾ, ಬರ್ತಿದೆಯಾ?"

"ಬರ್ತಿದೆ."

ಇನ್ನಷ್ಟು ಹೊಡೆದೆ. ಅಂಗಿ ಒದ್ದೆಯಾಯಿತು. ದೂರದಲ್ಲಿ ಇಂಜಿನ್ ಹಿಂದಕ್ಕೆ ಬರುವ ಸದ್ದು ಕೇಳಿತು. ವ್ಯಾಗನ್‌ಗಳು ಒಂದಕ್ಕೊಂದು ತಾಗುವ ಢಣ್ ಢಣ್ ಹತ್ತಿರವಾಗುತ್ತ ಬಂತು. ಕಾವಲುಗಾರ ಇಳಿಯಿರಿ ಇಳಿಯಿರಿ ಎಂದು ಕೂಗುತ್ತಿದ್ದ.

"ಈಗ?"

"ತೊಟ್ಟಿಕ್ತಾ ಇದೆ."

ಮತ್ತೆ ಹೊಡೆದೆ. ತೋಳು ಸೋತಿತು.

"ಅಮ್ಮಾ, ಈಗ?"

ತೂತಿಗೆ ಕಿವಿಯಿಟ್ಟೆ.

"ಅಮ್ಮಾ! ಏನಾಯ್ತು ಹೇಳು!"

ಕಿಟಕಿಯಿಂದ ಇಣುಕಿದೆ. ಅವಳು ಕಾಕ್‌ನ ಕೆಳಗೆ ಅಂಗೈ ಚಾಚಿ ನಿಂತಿದ್ದಳು. ಆ ಅಂಗೈ ಮೇಲೆ ಏನೂ ಬೀಳುತ್ತಿರಲಿಲ್ಲ. ತುಟಿ ಅಲುಗುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ಅವಳಿಗೆ ಏನಾಗುತ್ತಿದೆಯೆಂದು ನನಗೆ ಆಗ ಹೊಳೆಯಿತು. ಬೇಡಮ್ಮಾ, ನನಗೆ ಗೊತ್ತಾಯಿತು, ನಾನೇ ಇಳಿದು ನೋಡುತ್ತೇನೆ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವಳು ತಲೆಯೆತ್ತಿ ನನ್ನನ್ನೇ ನೋಡುತ್ತ, ಹಮಾಲರಿಗೂ ಕೇಳುವ ಹಾಗೆ, ಗಟ್ಟಿಯಾಗಿ ಹೇಳಿದಳು.

"ಖಾಲಿ. ಖಾಲಿ ಆಯ್ತು ಕಣೋ."

ಹೇಳಿ ಕೊಡ ಕೆಳಗಿಟ್ಟು, ಎರಡೂ ಕೆನ್ನೆ ತಟ್ಟಿಕೊಂಡಳು.

ನಾನು ಮುಚ್ಚಳಗಳನ್ನು ತಿರುಪಿ, ಬೀಗ ಹಾಕಿ ಇಳಿದೆ. ಕಾಕ್ ಮುಚ್ಚಿದೆ. ಹಿಂದಿನ ಸಂಜೆಯ ಮಾತುಗಳಿಗೆ ಕ್ಷಮೆ ಕೇಳಬೇಕೆಂದು ಮನಸ್ಸು ಹೇಳಿತು. ಬಾಯಿಯಿಂದ ಬಂದದ್ದು "ಕೊಡ ಇಲ್ಲಿ ಕೊಡು, ನಾನು ಹಿಡ್ಕೋತೀನಿ" ಎಂಬುದಷ್ಟೆ. ಅಮ್ಮ ಕೊಟ್ಟಳು.

ಬೀಗದ ಕೈ ಕೊಡಲು ಸಯನ್‌ಗೆ ಹೋದಾಗ ಡಾಕ್ಟರಮ್ಮನಿಗೆ ಎಲ್ಲವನ್ನೂ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಎಂಟು ಕೊಡವಾ? ಟೈಫಾಯ್ಡ್ ಬಂದು ಎದ್ದ ಹೆಂಗಸು? ಆ ಬಾಟ್ಲಿ ಅವರಿಗೆ ಮೊದಲು ತೋರಿಸ್ಬೇಕಿತ್ತು. ನಾವಿಬ್ಬರೂ ಎಂಥ ಜನ ಮಾರಾಯ್ರೆ" ಎಂದರು. ಆಮೇಲೆ ನನ್ನತ್ತ ಬೆರಳು ತೋರಿಸಿ, "ಮತ್ತೆ ಅವರ ಮೇಲೆ ಸ್ವರ ಎತ್ತಿದ್ರೆ ನೋಡಿ" ಎಂದು ಗದರಿದರು.

ಆ ಚಳಿಗಾಲ ಅಮ್ಮ ದಿನಾ ಸಂಜೆ ದೇವರ ಮುಂದೆ ಇನ್ನೊಂದು ದೀಪ ಹೆಚ್ಚಿಗೆ ಹಚ್ಚಿದಳು. ಡಾಕ್ಟರಮ್ಮ ಚಳಿ ಇಳಿದ ಮೇಲೆ ರೈಲು ಹತ್ತಿದರು. ನಾವು ಸ್ಟೇಶನ್‌ಗೆ ಹೋಗಿ ಬೀಳ್ಕೊಟ್ಟೆವು. ಅಮ್ಮ ಅವರ ಕೈ ಹಿಡಿದು, ಬಿಡದೆ, ರೈಲು ಅಲುಗಿದ ಮೇಲೆಯೇ ಬಿಟ್ಟಳು. ಅಲ್ಲಿಂದ ಮುಂದೆ ಪ್ರತಿ ಮಧ್ಯಾಹ್ನ ಪೋಸ್ಟ್‌ಮನ್ ಬರುವ ಹೊತ್ತಿಗೆ ಅವಳು ಚಾಳ್‌ನ ಮೆಟ್ಟಿಲ ಬಳಿ ಇರುತ್ತಿದ್ದಳು. ಅಪ್ಪನಿಗೆ ಆಡಿದ ಮಾತನ್ನೇ ಮತ್ತೊಬ್ಬರ ಹೊರಡುವ ಗಾಡಿಗೆ ಆಡಿದ್ದೇನೆಂಬ ಭಯ ಅವಳನ್ನು ತಿನ್ನು­ತ್ತಿತ್ತು. ನನಗದು ಗೊತ್ತಿತ್ತು. ಏನೂ ಆಗುವುದಿಲ್ಲ ಎಂದು ಹೇಳಿದರೆ ಅವಳು ತಲೆಯಾಡಿಸುತ್ತಿದ್ದಳು, ಮತ್ತೆ ಮೆಟ್ಟಿಲಿಗೆ ಹೋಗುತ್ತಿದ್ದಳು.

ಕಾಗದ ಬಂದದ್ದು ಯುಗಾದಿಯ ಆಸುಪಾಸಿನಲ್ಲಿ. ನಾನು ಕೆಲಸದಿಂದ ಬಂದಾಗ ಅಮ್ಮ ಅದನ್ನು ಒಡೆಯದೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಓದಿ ಹೇಳಿದೆ. ಡಾಕ್ಟರಮ್ಮ ಕ್ಷೇಮವಾಗಿದ್ದರು. ಪೈಪು, ಪಂಪು ಎಲ್ಲ ಸರಿಯಾಗಿದ್ದವು. ಟಾಂಕಿಗೆ ನೀರು ತುಂಬಿ ಒಲೆ ಹಚ್ಚಿದರೆ ಸುರುಳಿಯಿಂದ ಬಿಸಿನೀರು ಬಂತು. ಗಾಡಿಯಲ್ಲಿ ಮೊದಲನೆಯ ಹೆರಿಗೆ ಆಯಿತು, ಹೆಣ್ಣು ಮಗು, ತಾಯಿ ಮಗು ಇಬ್ಬರೂ ಆರೋಗ್ಯ. ಕೊನೆಯಲ್ಲಿ, "ಅಮ್ಮನಿಗೆ ಹೇಳಿ, ಅವರು ಖಾಲಿ ಅಂದದ್ದರಿಂದ ಇಲ್ಲಿ ಎಲ್ಲ ತುಂಬಿ ಉಂಟು" ಎಂದು ಬರೆದಿದ್ದರು.

ಅಮ್ಮ ಆ ಸಾಲನ್ನು ಇನ್ನೊಂದು ಸಲ ಓದಿಸಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಪ್ಪನ ಪಟದ ಕಡೆ ನೋಡಿ, ಎದ್ದು ಒಳಗೆ ಹೋದಳು. ಡಬ್ಬಗಳನ್ನು ಸರಿಸಾಡಿದ ಸದ್ದು ಕೇಳಿತು. ಹೊರಗೆ ಬಂದು ಬಾಗಿಲಲ್ಲಿ ನಿಂತಳು.

"ಕಾಫಿಪುಡಿ ಖಾಲಿ ಕಣೋ" ಎಂದಳು. "ಹೋಗಿ ತಗೊಂಬಾ. ಇಬ್ಬರೂ ಕುಡಿಯೋಣ."

ನಾನು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟೆ.